ಎಲುಬಿನ ನೀರು

ಮಳೆಗಾಲದಲ್ಲಿ ಔಷಧಿ ಅಂಗಡಿ ನಡೆಸುವವನಿಗೆ ಶತ್ರುಗಳು ಎರಡು. ಒಂದು, ಕೊಡೆ ಮಡಚದೆ ಒಳಗೆ ಬಂದು ಗಾಜಿನ ಕಪಾಟಿನ ಮೇಲೆಲ್ಲ ನೀರು ಸುರಿಸುವ ಗಿರಾಕಿ. ಇನ್ನೊಂದು, ಹೇಳದೆ ಕೇಳದೆ ಬರುವ ತಂಡಿ. ಗಿರಾಕಿಗೆ ಬೈಯಬಹುದು, ಬೈಯುತ್ತೇನೆ ಕೂಡ. ಶಿರಾಳಕೊಪ್ಪದಲ್ಲಿ ನನ್ನ ಬಾಯಿ ಕೆಟ್ಟದ್ದು, ಔಷಧಿ ಒಳ್ಳೆಯದು ಎಂದು ಹೆಸರಾಗಿದೆ. ತಂಡಿಗೆ ಬೈದು ಏನು ಮಾಡುವುದು?

ಈ ಆಷಾಢದ ಒಂದು ಬೆಳಿಗ್ಗೆ, ಕಪಾಟಿನ ಹಿಂದಕ್ಕೆ ಸರಿದುಹೋಗಿದ್ದ ಡಬ್ಬಿಯೊಂದರ ಮುಚ್ಚಳ ತೆಗೆದೆ. ಹಳ್ಳಿಯ ಡಾಕ್ಟರುಗಳು ಕಾಗದದ ಪೊಟ್ಟಣ ಕಟ್ಟಿಕೊಡಲು ಒಯ್ಯುವ ಬಿಡಿ ಕ್ಯಾಪ್ಸೂಲ್‌ಗಳ ಡಬ್ಬಿ ಅದು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒಳಗಿನವೆಲ್ಲ ಬೆವತು, ಒಂದಕ್ಕೊಂದು ಅಂಟಿ, ಕೆಂಪು ಹಳದಿ ಮುದ್ದೆಯಾಗಿದ್ದವು. ಕೆಟ್ಟಿದೆಯೋ ಹೇಗೆ ನೋಡೋಣವೆಂದು ಮೂಗಿನ ಹತ್ತಿರ ಹಿಡಿದೆ. ಔಷಧಿಯ ಕಹಿ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಹಿಂದೆ ಬಡಗಿಗಳು ಮರ ಅಂಟಿಸಲು ಕಲ್ಲಿನ ಒಲೆಯ ಮೇಲೆ ಮರವಜ್ರ ಕಾಯಿಸುವಾಗ ಬರುತ್ತಿತ್ತಲ್ಲ, ಆ ವಾಸನೆ.

ಬೆಂಚಿನ ಮೇಲೆ ನನ್ನ ಅಕ್ಕ ಲಲಿತ ಕೂತಿದ್ದಳು. ಸೊರಬದ ಕಡೆಯ ತನ್ನ ಊರಿನಿಂದ ಬೆಳಗಿನ ಬಸ್ಸಿಗೆ ಬಂದು, ಬಿಡದ ಕೆಮ್ಮಿಗೆ ಡಾಕ್ಟರಿಗೆ ತೋರಿಸಿ, ಔಷಧಿ ತಗೊಂಡು ಹೋಗಲು ನನ್ನಲ್ಲಿಗೆ ಬಂದಿದ್ದಳು. ಅವಳ ಮೂಗಿಗೂ ವಾಸನೆ ಹೋಯಿತು. ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದಳು:

"ಮುಚ್ಚು ತಮ್ಮ ಅದನ್ನ. ಮುಚ್ಚು ಮೊದ್ಲು."

ಮುಚ್ಚಿದೆ. ಆದರೆ ಅಷ್ಟರಲ್ಲಿ ಆ ಬೇಸಿಗೆ ಅಂಗಡಿಯೊಳಗೆ ಬಂದು ಕೂತಾಗಿತ್ತು. ಹೊರಗೆ ಬಸ್‌ಸ್ಟ್ಯಾಂಡಿನ ತಗಡಿನ ಮೇಲೆ ಮಳೆ ಬೀಳುತ್ತಿತ್ತು.

ಕೊರೋನಾ ಹಿಂದೆ ಸರಿದು, ಜನ ಮತ್ತೆ ಒಂದು ಕಡೆ ಸೇರುವುದನ್ನು ಕಲಿಯುತ್ತಿದ್ದ ಬೇಸಿಗೆ ಅದು. ಅದಕ್ಕೂ ಹಿಂದಿನ ಎರಡು ವರ್ಷ ನನ್ನ ಅಂಗಡಿಯಲ್ಲಿ ಕ್ಯಾಪ್ಸೂಲ್ ಮಂಡಕ್ಕಿಯಂತೆ ಖರ್ಚಾಯಿತು. ಶಕ್ತಿಗೆ ಒಂದು, ರಕ್ತಕ್ಕೆ ಒಂದು, ಏನೂ ಇಲ್ಲದಿದ್ದರೆ ಧೈರ್ಯಕ್ಕೆ ಒಂದು. ಜ್ವರ ಇಲ್ಲದವರೂ ನುಂಗಿದರು. ಆಗೆಲ್ಲ ಕೆಲವು ಗಿರಾಕಿಗಳು ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು, "ರಾಮಚಂದ್ರಣ್ಣ, ಇದು ಸಸ್ಯಾಹಾರವೇನ್ರೀ?" ಎಂದು ಕೇಳುತ್ತಿದ್ದರು. ಜೀವ ಉಳಿಯಬೇಕು, ಮಡಿಯೂ ಉಳಿಯಬೇಕು. "ಒಳಗಿನ ಪುಡಿ ಸಸ್ಯಾಹಾರ, ಹೊರಗಿನ ಸಿಪ್ಪೆಯ ಬಗ್ಗೆ ಕೇಳಬೇಡಿ" ಎನ್ನುತ್ತಿದ್ದೆ.

ಈ ಮಾತು ಕೇಳಿದಾಗಲೆಲ್ಲ ಪಕ್ಕದ ಅಂಗಡಿಯ ಗಫಾರ್ ಸಾಬರು ನಗುತ್ತಿದ್ದರು. ಅವರದು ಗುಜರಿ ಅಂಗಡಿ. ಹಳೇ ಕಬ್ಬಿಣ, ರಟ್ಟು, ಬಾಟಲಿಗಳ ಜೊತೆ, ಊರಾಚೆಯ ಶೆಡ್ಡಿನಲ್ಲಿ ಎಲುಬಿನ ವ್ಯಾಪಾರವೂ ಇತ್ತು. ಅವರ ಅಪ್ಪನ ಕಾಲದಿಂದ ಬಂದದ್ದು. ಸತ್ತ ದನ ಎಮ್ಮೆಗಳನ್ನು ಹಳ್ಳಿಗಳವರು ಊರಾಚೆ ಬಯಲಿಗೆ ಎಳೆದು ಹಾಕುತ್ತಿದ್ದರು. ಹದ್ದುಗಳಿದ್ದ ಕಾಲದಲ್ಲಿ ಎರಡು ದಿನದಲ್ಲಿ ಎಲುಬಷ್ಟೇ ಉಳಿಯುತ್ತಿತ್ತಂತೆ. ಈಗ ಹದ್ದುಗಳಿಲ್ಲ, ನಾಯಿಗಳ ಕೆಲಸ ಅಷ್ಟು ಚೊಕ್ಕವಲ್ಲ. ಒಣಗಿದ ಎಲುಬು ಮೂಟೆಯಾಗಿ ಸಾಬರ ಶೆಡ್ಡಿಗೆ ಬಂದು, ಅಲ್ಲಿಂದ ಲಾರಿ ಹತ್ತಿ ಎಲ್ಲೋ ದೂರಕ್ಕೆ ಹೋಗುತ್ತಿತ್ತು.

"ನನ್ನ ಶೆಡ್ಡಿನ ಮುಂದ ಹೋಗಾಗ ಮೂಗು ಮುಚ್ಕೊಂಡು ಓಡ್ತಾರ್ರೀ ಅಣ್ಣಾರ," ಎನ್ನುತ್ತಿದ್ದರು ಸಾಬರು. "ಅದ ಮಾಲು ತಿರುಗಿ ನಿಮ್ಮ ಅಂಗಡಿಗೆ ಬಂದ್ರ, ನೀರು ಕುಡ್ದು ನುಂಗ್ತಾರ."

"ನೀವು ಹಾಗೆಲ್ಲ ಜೋರಾಗಿ ಹೇಳಬೇಡಿ, ನನ್ನ ವ್ಯಾಪಾರ ಕೆಡ್ತದೆ," ಎನ್ನುತ್ತಿದ್ದೆ ನಾನು. ಇಬ್ಬರೂ ನಗುತ್ತಿದ್ದೆವು. ನಗೆಗೆ ಆಗ ಕಾರಣವೂ ಇತ್ತು.

ಎಲುಬು ದೂರ ಹೋಗುವುದು ತಪ್ಪಿದ್ದು ಹೊಸ ಕಾರ್ಖಾನೆ ಬಂದ ಮೇಲೆ. ಶಿರಾಳಕೊಪ್ಪದಿಂದ ಸೊರಬದ ಕಡೆ ಹೋಗುವ ದಾರಿಯಿಂದ ಒಳಗೆ, ಅಕ್ಕನ ಊರಿಗಿಂತ ಸ್ವಲ್ಪ ಮೇಲೆ, ಹಳ್ಳದ ದಂಡೆಯಲ್ಲಿ ಹೊರಗಿನವರು ಯಾರೋ ಜಾಗ ಕೊಂಡು ಶೆಡ್ ಎಬ್ಬಿಸಿದರು. ಮೊದಲು ಎಲುಬು ಪುಡಿ ಮಾಡುವ ಯಂತ್ರ ಮಾತ್ರ ಇತ್ತು. ಕ್ಯಾಪ್ಸೂಲಿಗೆ ಬೇಡಿಕೆ ಏರಿದ ಹಾಗೆ ಸಿಮೆಂಟಿನ ತೊಟ್ಟಿಗಳು ಸಾಲಾಗಿ ಎದ್ದವು. ಅಲ್ಲಿಗೆ ಎಲುಬು ಹಾಕಿಬರುತ್ತಿದ್ದ ಸಾಬರು ಒಳಗಿನ ಕೆಲಸವನ್ನು ನನಗೆ ವಿವರಿಸಿದ್ದರು. ಎಲುಬಿನ ಚೂರುಗಳನ್ನು ಮೊದಲು ಆಸಿಡ್ಡಿನಲ್ಲಿ ನೆನೆಹಾಕುತ್ತಾರೆ. ಅದರ ಗಟ್ಟಿತನವೆಲ್ಲ ಕರಗಿ ಹೋಗಿ, ಹಿಡಿದರೆ ರಬ್ಬರಿನ ಹಾಗೆ ಬಾಗುತ್ತದೆ. ಆಮೇಲೆ ವಾರಗಟ್ಟಲೆ ಸುಣ್ಣದ ನೀರಿನಲ್ಲಿ ಹಾಕಿಡುತ್ತಾರೆ. ಆಮೇಲೆ ತೊಳೆಯುತ್ತಾರೆ. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತಾರೆ. ಕೊನೆಗೆ ಕುದಿಸಿ, ಇಳಿದು ಬಂದ ಅಂಟನ್ನು ಒಣಗಿಸಿದರೆ ಗಾಜಿನ ಚೂರಿನಂಥ ಜೆಲಾಟಿನ್. ಕ್ಯಾಪ್ಸೂಲಿನ ಸಿಪ್ಪೆಯಾಗುವುದು ಅದೇ.

"ಮೂಟೆ ಎಲುಬಿಗೆ ಒಂದು ಬಾವಿ ನೀರು ಬೇಕಾಗ್ತೈತ್ರೀ," ಎಂದಿದ್ದರು ಸಾಬರು.

ಬಾವಿ ನೀರು ಕೊಳವೆ ಬಾವಿಯಿಂದ ಬಂತು. ತೊಳೆದ ಮೇಲೆ ಅದು ಎಲ್ಲಿಗೆ ಹೋಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಳ್ಳಕ್ಕೆ ಇಳಿಜಾರು ಇರುವಾಗ ಕೇಳುವುದೇನು?

ಆ ಹಳ್ಳ ಬಂದು ಸೇರುವುದು ಅಕ್ಕನ ಊರಿನ ಕೆರೆಗೆ. ಆ ಕೆರೆಯ ಮಾತು ಹೇಳಬೇಕಾದರೆ ಭಾವನ ಮಾತನ್ನೂ ಹೇಳಬೇಕು. ಅಕ್ಕನ ಗಂಡನ ಹೆಸರು ಕೆರಿಯಪ್ಪ. ಎರಡು ಮಾತು ಆಡಬೇಕಾದ ಕಡೆ ಒಂದು ಆಡಿ ಸುಮ್ಮನಾಗುವ ಮನುಷ್ಯ. ನನ್ನನ್ನು ಕಂಡರೆ ಮಾತ್ರ ಕೆಣಕುವ ಆಸೆ ಹುಟ್ಟುತ್ತಿತ್ತು. "ಬಂದನಪ್ಪ ಮಾತ್ರೆ ಮಾರೋನು. ಲಲಿತಾ, ಗಟ್ಟಿ ಊಟ ಹಾಕು, ಇವರ ಊರಾಗೆ ಮಾತ್ರೆನೇ ಊಟ," ಎನ್ನುತ್ತಿದ್ದರು. ಅವರು ಊರಿಗೆಲ್ಲ ಹೆಸರಾದದ್ದು ಕೂಣಿ ಹೆಣೆಯುವುದರಲ್ಲಿ. ಕೂಣಿಯೆಂದರೆ ಬಿದಿರಿನ ಕಡ್ಡಿಗಳನ್ನು ಹೆಣೆದು ಮಾಡಿದ, ಬುಡ ಅಗಲ, ಬಾಯಿ ಕಿರಿದು, ತಳವಿಲ್ಲದ ಬುಟ್ಟಿ. ನೀರೊಳಗೆ ನಿಂತು ಅದನ್ನು ಕೆಸರಿಗೆ ಊರಬೇಕು. ಒಳಗೆ ಮೀನು ಸಿಕ್ಕಿದ್ದರೆ ಕಡ್ಡಿಗೆ ಬಡಿಯುತ್ತದೆ. ಆಗ ಕೂಣಿಯ ಮೇಲೆ ಬಾಗಿ, ಬಾಯಿಯಿಂದ ಕೈ ಇಳಿಸಿ, ತಡಕಿ ಹಿಡಿಯಬೇಕು.

ಬೇಸಿಗೆಯಲ್ಲಿ ನೀರು ಸೊಂಟಕ್ಕಿಳಿದಾಗ ಊರವರೆಲ್ಲ ಕೂಡಿ, ಸುತ್ತಲಿನ ಹಳ್ಳಿಗಳವರನ್ನೂ ಕರೆದು, ಒಂದೇ ದಿನ ಕೆರೆಗಿಳಿಯುವುದು ಆ ಕಡೆಯ ಪದ್ಧತಿ. ಕೆರೆ ಬೇಟೆ ಎನ್ನುತ್ತಾರೆ. ಅದುವರೆಗೆ ವರ್ಷವಿಡೀ ಯಾರೂ ಗಾಳ ಕೂಡ ಹಾಕುವಂತಿಲ್ಲ. ಬೇಟೆಗೆ ಮುಂಚೆ ಒಬ್ಬರು ಕೆರೆ ನೋಡಬೇಕು. ಅಂದರೆ ಒಬ್ಬನೇ ಇಳಿದು, ನಾಲ್ಕಾರು ಕಡೆ ಕೂಣಿ ಊರಿ, ಕೆಸರು ಮುಟ್ಟಿ ನೋಡಿ, ಬೇಟೆ ಆಗಬಹುದು ಅಥವಾ ಬೇಡ ಎಂದು ಹೇಳಬೇಕು. ಭಾವನ ಅಪ್ಪ ಹೇಳುತ್ತಿದ್ದರು, ಅವರ ನಂತರ ಭಾವ. ಬೇಟೆ ತಪ್ಪಿದರೆ ಮಳೆ ತಪ್ಪುತ್ತದೆ ಎಂಬ ನಂಬಿಕೆ ಊರಿಗೆ. ಕೊರೋನಾದಿಂದ ಎರಡು ಬೇಸಿಗೆ ಬೇಟೆ ತಪ್ಪಿತ್ತು. ಆದರೂ ಮಳೆ ಬಂದಿತ್ತು ಎನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸುಗ್ಗಿಯ ಹೊತ್ತಿಗೇ ಅಕ್ಕ ಫೋನಿನಲ್ಲಿ ಹೇಳತೊಡಗಿದ್ದಳು. ಹಳ್ಳದ ನೀರಿನಲ್ಲಿ ಬಟ್ಟೆ ಒಗೆದರೆ ಸೋಪು ನೊರೆ ಬರುವುದಿಲ್ಲ, ಆದರೆ ಹಳ್ಳದ ತಿರುವಿನಲ್ಲಿ ಸೋಪಿಲ್ಲದೆಯೇ ನೊರೆ ಎದ್ದು ನಿಂತಿರುತ್ತದೆ. ಕಾಲು ತುರಿಸುತ್ತದೆ. ಎಮ್ಮೆ ಕೆರೆಯ ತನಕ ಹೋಗಿ, ಮೂತಿ ಇಟ್ಟು, ಕುಡಿಯದೆ ಹಿಂದೆ ಬರುತ್ತದೆ. ನಾನು ತುರಿಕೆಗೆ ಮುಲಾಮು ಕಳಿಸಿದೆ. ಎಮ್ಮೆಗೆ ನನ್ನ ಅಂಗಡಿಯಲ್ಲಿ ಏನೂ ಇರಲಿಲ್ಲ.

ಊರವರು ಕಾರ್ಖಾನೆಗೆ ಹೋದರು. ಭಾವನೂ ಹೋಗಿದ್ದರು. ಮ್ಯಾನೇಜರು ಬೇರೆ ಕಡೆಯಿಂದ ಬಂದ ಹುಡುಗ, ನಗುಮುಖದವನು. ಎಲ್ಲರನ್ನೂ ನೆರಳಲ್ಲಿ ಕೂರಿಸಿ, ಚಹಾ ಕೊಡಿಸಿ ಕೇಳಿದನಂತೆ, "ನೀವು ತೆಂಗಿನ ಬುಡಕ್ಕೆ ಏನು ಹಾಕ್ತೀರ?" ಎಲುಬಿನ ಪುಡಿ ಎಂದರು ಇವರು. "ಗದ್ದೆ ಹುಳಿಯಾದ್ರೆ?" ಸುಣ್ಣ ಎಂದರು. "ಇಲ್ಲಿಂದ ಬರೋ ನೀರಿನಲ್ಲಿ ಇರೋದು ಅವೆರಡೇ. ದುಡ್ಡಿಲ್ಲದೆ ಗೊಬ್ಬರ ಕಳಿಸ್ತಿದ್ದೇವೆ, ನೀವು ಜಗಳಕ್ಕೆ ಬಂದಿದ್ದೀರಿ," ಎಂದು ನಕ್ಕನಂತೆ. ಇವರೂ ನಕ್ಕರು. ಎಲುಬು ಗೊಬ್ಬರ, ಸುಣ್ಣ ಗೊಬ್ಬರ, ತಲೆತಲಾಂತರದಿಂದ ಕೈಯಾರೆ ಹಾಕಿ ಬೆಳೆ ಕಂಡವರು. ಆ ಹುಡುಗನ ಮಾತಿನಲ್ಲಿ ಸುಳ್ಳೆಲ್ಲಿದೆ ಎಂದು ಹುಡುಕುವುದು ಅವರಿಗೆ ಹೇಗೆ ಸಾಧ್ಯವಿತ್ತು? ವಾಪಸು ಬಂದವರಲ್ಲಿ ಕೆಲವರು ಹಳ್ಳದ ಏರಿ ಕಡಿದು ಆ ನೀರನ್ನು ತಮ್ಮ ಗದ್ದೆಗೇ ತಿರುಗಿಸಿಕೊಂಡರು. ಬೇಸಿಗೆಯ ಭತ್ತ ಕಪ್ಪು ಹಸಿರಾಗಿ ಎದೆಯೆತ್ತರ ಬೆಳೆಯಿತು. ಹೋಗಿಬರುವವರು ನಿಂತು ನೋಡುತ್ತಿದ್ದರು. ಕೊನೆಗೆ ಗಾಳಿಗೆ ಮಲಗಿತು, ಕಾಳು ಕಟ್ಟಲಿಲ್ಲ.

ಯುಗಾದಿ ಕಳೆದ ಮೇಲೆ ಕೆರೆಯ ಮೀನು ಮೇಲೆ ಬಂದವು.

ಬೆಳಗಿನ ಹೊತ್ತು ಏರಿಯ ಮೇಲೆ ನಿಂತರೆ, ಕಣ್ಣು ಹಾಯುವಷ್ಟು ದೂರ ನೀರಿನ ಮೇಲೆ ಬಾಯಿಗಳು. ಕಾಟ್ಲಾ, ಗೌರಿ, ಸಣ್ಣ ಮರಿಗಳು ಕೂಡ. ನೀರಿನ ಮೇಲೆ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ. ಒಂದು ಭಾನುವಾರ ನಾನೂ ಹೋಗಿ ನೋಡಿದೆ. ಏರಿಯ ಮೇಲೆ ಜಾತ್ರೆಯಷ್ಟು ಜನ. ಎರಡು ವರ್ಷ ಕೈ ಹಾಕದ ಕೆರೆ, ಮೀನು ಹಿಡಿಸಲಾರದಷ್ಟು ತುಂಬಿದೆ, ಅದಕ್ಕೇ ಮೇಲೆ ಬರುತ್ತಿವೆ ಎಂದರು. ಕೆರೆಯಮ್ಮ ಕರೆಯುತ್ತಿದ್ದಾಳೆ ಎಂದರು. ಉಸಿರು ಸಾಲದೆ ಮೇಲೆ ಬಂದಿವೆ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಸಂತೋಷವಾಗಿ ನಿಂತಿದ್ದರು, ಅವರ ನಡುವೆ ನಾನೂ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೀನು ಕೆಳಗಿಳಿಯುತ್ತಿದ್ದವು, ಜನ ಮನೆಗೆ ಹೋಗುತ್ತಿದ್ದರು.

ಬೇಟೆಯ ದಿನ ಗೊತ್ತಾಯಿತು. ಹೊಸಬಾಳೆ, ಕುಬಟೂರು ಎಂದು ಸುತ್ತಲಿನ ಊರುಗಳಿಗೆಲ್ಲ ಬಾಯಿಂದ ಬಾಯಿಗೆ ಕರೆ ಹೋಯಿತು. ಕೊಟ್ಟ ಹೆಣ್ಣುಮಕ್ಕಳಿಗೆ ತವರಿಗೆ ಬರಲು ಹೇಳಿಕಳಿಸಿದರು. ಕೆರೆ ನೋಡುವುದೊಂದು ಉಳಿದಿತ್ತು. ಭಾವ ಇಳಿದರು. ಅಂದು ಅವರ ಮನೆಯಲ್ಲೇ ಇದ್ದೆ ನಾನು. ಒದ್ದೆ ಪಂಚೆಯಲ್ಲಿ ಬಂದು ಜಗಲಿಯ ಮೇಲೆ ಕೂತು, ಕೈಯನ್ನು ಮತ್ತೆ ಮತ್ತೆ ಮಣ್ಣಿಗೆ ಉಜ್ಜಿದರು.

"ಎಂತಾತು ಭಾವ?" ಎಂದೆ.

"ಕೆಸರು ಸರಿ ಇಲ್ಲ ಮಾರಾಯ. ನಮ್ಮ ಕೆಸರಲ್ಲ ಅದು. ಮೆತ್ತಗೆ ಬೆಣ್ಣೆ ಹಾಂಗೆ ಅದೆ, ಕಪ್ಪು. ಕೂಣಿ ಊರಿದ್ರೆ ಗುಳುಗುಳು ಅಂತ ಗುಳ್ಳೆ ಬರ್ತದೆ. ಕೊಳೆತ ಮೊಟ್ಟೆ ವಾಸನೆ."

ಊರಿನ ಹಿರಿಯ ಚೌಡಪ್ಪಜ್ಜ ನಾಲ್ಕು ಜನರ ಜೊತೆ ಮಾತು ಕೇಳಲು ಬಂದರು. ಭಾವ ಎದ್ದು ನಿಂತು ಒಂದೇ ಮಾತು ಹೇಳಿದರು: "ಈ ವರ್ಷ ಬ್ಯಾಡ ಅಂತ ಕಾಣ್ತದೆ ಅಜ್ಜ."

ಅಜ್ಜ ಜಗಲಿಯ ಅಂಚಿಗೆ ಕೂತರು. ಕೆಟ್ಟ ಮನುಷ್ಯನಲ್ಲ ಅವರು, ಅದನ್ನೂ ಹೇಳಬೇಕು.

"ಕೆರಿಯಾ, ಮೀನು ಬಾಯಿ ತೆರಕಂಡು ಮೇಲೆ ಬಂದಾವೆ. ಊರೂರಿಗೆ ಹೇಳಿ ಆಗದೆ. ಎರಡು ವರ್ಷ ತಪ್ಪಿತು. ಮೂರನೇ ವರ್ಷನೂ ತಪ್ಪಿಸು ಅಂತೀಯ? ಯಾವ ಕೆರೆಲಿ ಕೆಸರು ನಾರಾದಿಲ್ಲ? ನಿನ್ನ ಅಪ್ಪ ಎಷ್ಟು ಬೇಟೆ ಮಾಡಿಸ್ದ, ಒಂದು ದಿನ ಬ್ಯಾಡ ಅಂದಾನ?"

ಬೇಡವೆನ್ನಲು ಕಾರಣ ಬೇಕು. ಭಾವನ ಹತ್ತಿರ ಇದ್ದದ್ದು ಬೆರಳಿಗೆ ಅಂಟಿದ ಒಂದು ಅನುಮಾನ ಮಾತ್ರ. ಜಗಲಿಯ ಕೆಳಗೆ ನಿಂತಿದ್ದ ಯುವಕರು ಒಬ್ಬರನ್ನೊಬ್ಬರು ನೋಡಿ ನಕ್ಕರು.

"ಆಗ್ಲಿ," ಎಂದರು ಭಾವ. "ಆದ್ರೆ ನಡುಗೆರೆಗೆ ಮೊದ್ಲು ನಾನೇ ಇಳಿಯಾದು. ನಾನು ಕೈ ಎತ್ತಿದ ಮೇಲೆ ಉಳಿದೋರು ಅತ್ಲಾಗೆ ಬರ್ಬೇಕು. ಅಲ್ಲಿ ತನ್ಕ ದಂಡೇಲೇ ಇರ್ಬೇಕು."

ಅದಕ್ಕೆ ಎಲ್ಲರೂ ಒಪ್ಪಿದರು. ಒಳಗೆ ಅಕ್ಕ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತು, ಮತ್ತೆ ಶುರುವಾಯಿತು.

ಬೇಟೆಯ ದಿನ ಅಂಗಡಿ ಮುಚ್ಚಿ ಹೋದೆ. ಗಫಾರ್ ಸಾಬರೂ ಬಂದಿದ್ದರು, ಮೀನೆಂದರೆ ಅವರಿಗೆ ಪ್ರಾಣ. ಏರಿಯ ಮೇಲೆ, ಗದ್ದೆಯ ಬದುಗಳಲ್ಲಿ, ಮರಗಳ ಕೆಳಗೆ ಜನವೋ ಜನ. ಮುಖಗವಸು ತೆಗೆದ ಮುಖಗಳನ್ನು ಒಬ್ಬರಿಗೊಬ್ಬರು ನೋಡುವುದೇ ಒಂದು ಹಬ್ಬವಾಗಿತ್ತು. ಕೆರೆಗೆ ಪೂಜೆಯಾಯಿತು. ಚೌಡಪ್ಪಜ್ಜ ಕೂಗು ಹಾಕಿದ್ದೇ ತಡ, ನೂರಾರು ಜನ ಕೂಣಿ ಎತ್ತಿಕೊಂಡು ಒಟ್ಟಿಗೆ ನೀರಿಗೆ ಬಿದ್ದರು. ಕೂಣಿಗಳು ದಬದಬ ಇಳಿಯುವ ಸದ್ದಿಗೆ ಏರಿ ನಡುಗಿತು. ದಂಡೆಯ ತೆಳು ನೀರು ಗಳಿಗೆಯಲ್ಲಿ ಮಸಿಯಾಯಿತು.

ಆಗ ವಾಸನೆ ಎದ್ದಿತು. ಏರಿಯ ಮೇಲಿದ್ದ ನಾವೆಲ್ಲ ಮೂಗು ಮುಚ್ಚಿದೆವು. ನೀರಿನಲ್ಲಿದ್ದವರು ಕೆಮ್ಮಿದರು, ಕಣ್ಣು ಉಜ್ಜಿಕೊಂಡರು, ಬೈದರು, ನಕ್ಕರು. ಒಂದಿಬ್ಬರು ದಂಡೆಗೆ ಬಂದು ವಾಂತಿ ಮಾಡಿಕೊಂಡರು. ಹಿಂದಿನ ದಿನ ಕುಡಿದದ್ದು ಇನ್ನೂ ಇಳಿದಿಲ್ಲ ಎಂದು ಉಳಿದವರು ಹಾಸ್ಯ ಮಾಡಿದರು. ಮೊದಲ ಮೀನುಗಳು ಮೇಲೆ ಬಂದವು. ದೊಡ್ಡವೇ. ಒದ್ದಾಡುತ್ತಿರಲಿಲ್ಲ.

ಭಾವ ಅಷ್ಟರಲ್ಲಿ ನಡುಗೆರೆ ತಲುಪಿದ್ದರು. ತಲೆಗೆ ಕೆಂಪು ಟವೆಲ್ ಸುತ್ತಿದ್ದರಿಂದ ದೂರಕ್ಕೂ ಗುರುತು ಸಿಗುತ್ತಿತ್ತು. ಎದೆಯ ಹತ್ತಿರದ ತನಕ ನೀರು. ಕೂಣಿ ಎತ್ತಿ ಊರಿದರು. ಸ್ವಲ್ಪ ನಿಂತರು. ಎತ್ತಿ ಇನ್ನೊಂದು ಕಡೆ, ಮೈಭಾರ ಹಾಕಿ ಊರಿದರು. ಆಮೇಲೆ ಬಾಗಿದರು. ಕೈ ಒಳಗೆ ಹೋಯಿತು, ಮುಖ ಕೂಣಿಯ ಬಾಯಿಯ ಮೇಲೆ ಬಂತು.

ಹಾಗೇ ನಿಂತರು.

"ದೊಡ್ಡದೇ ಬಿದ್ದಿರ್ಬೇಕು ಕೆರಿಯಪ್ಪಂಗೆ!" ಎಂದು ಯಾರೋ ಕೂಗಿದರು. ಏರಿಯ ಮೇಲಿದ್ದವರು ಸಿಳ್ಳೆ ಹಾಕಿದರು. "ಬಿಡಬ್ಯಾಡ, ಹಿಡ್ಕಾ!" ಎಂದರು. "ಒಬ್ನೇ ತಿನ್ನಬ್ಯಾಡ ಮಾರಾಯ!" ಎಂದರು. ನಾನೂ ನಕ್ಕೆ. ಭಾವ ಹಟಮಾರಿ, ಹಿಡಿದದ್ದನ್ನು ಬಿಡುವವರಲ್ಲ ಎಂದು ಗಫಾರ್ ಸಾಬರಿಗೆ ಹೇಳಿದೆ. ಕೂಣಿ ಕೆಸರಿನಲ್ಲಿ ಭದ್ರವಾಗಿ ಊರಿತ್ತು, ಅವರನ್ನು ಬೀಳಲು ಬಿಡಲಿಲ್ಲ. ಬಿದ್ದಿದ್ದರೆ ಜನ ಓಡುತ್ತಿದ್ದರು. ಅವರೇ ಹೆಣೆದ ಕೂಣಿ ಅವರನ್ನು ಹಾಗೇ ಹಿಡಿದು ನಿಲ್ಲಿಸಿಕೊಂಡಿತ್ತು, ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಮೊದಲು ಕೂಗಿದ್ದು ಅಕ್ಕ. ಹೆಂಗಸರ ಗುಂಪಿನಿಂದ ಎದ್ದು, "ಕೈ ಎತ್ತಲಿಲ್ಲ! ಅವ್ರು ಕೈ ಎತ್ತಲಿಲ್ಲ!" ಎಂದು ಏರಿ ಇಳಿದು ಓಡಿದಳು.

ಪಕ್ಕದ ಮನೆಯ ಮಂಜುನಾಥ ಮೊದಲು ತಲುಪಿದ. ಭಾವನ ಹೆಗಲು ಹಿಡಿದು ಎಳೆದವನು, ಅವರ ಮೇಲೇ ಕುಸಿದ. ಹಿಂದಿನವರು ಇಬ್ಬರನ್ನೂ ಕೂಣಿ ಸಮೇತ ಎಳೆದು ತಂದರು. ಮಂಜುನಾಥ ದಂಡೆಯ ಗಾಳಿಗೆ ಕಣ್ಣು ಬಿಟ್ಟ. ಎಷ್ಟೋ ದಿನಗಳ ಮೇಲೆ ನನ್ನ ಅಂಗಡಿಗೆ ಬಂದಾಗ ಹೇಳಿದ: "ಮೊದ್ಲು ತಡಿಯಾಕೆ ಆಗದಷ್ಟು ನಾತ ಬಂತು ಅಣ್ಣ. ಆಮೇಲೆ ವಾಸನೆನೇ ಬರ್ಲಿಲ್ಲ. ಸರಿಯಾತು ಅಂದ್ಕಂಡೆ. ಮತ್ತೆ ಗೊತ್ತಿಲ್ಲ." ಕೊಳೆತ ಕೆಸರಿನಿಂದ ಏಳುವ ವಿಷಗಾಳಿ ಮೊದಲು ಮೂಗನ್ನೇ ಸಾಯಿಸುತ್ತದಂತೆ, ಭಾವನಿಗೂ ಹಾಗೇ ಆಗಿರಬೇಕು. ಸರಿಯಾಯಿತು ಎಂದು ಅವರೂ ಅಂದುಕೊಂಡಿರಬೇಕು. ಅದೊಂದು ನನಗೆ ಸಮಾಧಾನವೋ ಸಂಕಟವೋ ಇವತ್ತಿಗೂ ಗೊತ್ತಾಗಿಲ್ಲ.

ಗಫಾರ್ ಸಾಬರ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಸಾಬರು ಹಿಂತಿರುಗಿ ನೋಡಲಿಲ್ಲ. ಡಾಕ್ಟರು ನೋಡಿ, ನೀರು ಕುಡಿದು ಹೋಗಿದ್ದಾರೆ ಎಂದರು. ಶ್ವಾಸಕೋಶದಲ್ಲಿ ನೀರಿತ್ತು, ಅದು ಸುಳ್ಳಲ್ಲ. ಹುಟ್ಟಿದಂದಿನಿಂದ ಕೆರೆಯಲ್ಲಿ ಬಿದ್ದು ಎದ್ದವರು, ನಿಂತ ಜಾಗದಲ್ಲಿ, ಎದೆಮಟ್ಟದ ನೀರಿನಲ್ಲಿ ಮುಳುಗಿದರು ಎಂದು ಆಯಿತು. ಊರಲ್ಲಿ ಕೆಲವರು ಅದನ್ನು ಕೆರೆಯಮ್ಮನ ಸಿಟ್ಟು ಎಂದರು. ಅವಳಿಗೂ ಸಿಟ್ಟು ಬರಬಾರದೇ? ಬಂದರೆ ಹಳ್ಳದ ಮೇಲಿನ ದಿಕ್ಕಿಗೆ ಹೋಗದೆ ಕೆರಿಯಪ್ಪನ ಮನೆಗೆ ಏಕೆ ಬಂತು ಎಂದು ಕೇಳುವವರಿರಲಿಲ್ಲ.

ಮೀನನ್ನು ಯಾರೂ ತಿನ್ನಲಿಲ್ಲ. ಏರಿಯ ಮೇಲೆ ಸುರಿದು ಹೋದರು. ಕಿವಿರು ಬಿಡಿಸಿದರೆ ಒಳಗೆಲ್ಲ ಕಪ್ಪು. ಪಕ್ಕದ ಮರದ ಮೇಲೆ ಕಾಗೆ ಕೂತಿತ್ತು, ಇಳಿದು ಬರಲಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳು ಬರಿಗೈಯಲ್ಲಿ ಬಸ್ಸು ಹತ್ತಿದರು.

ಸರ್ಕಾರದ ಕಡೆಯ ನಾಲ್ಕು ಜನ ಬಂದು ಬಾಟಲಿಗಳಲ್ಲಿ ಕೆರೆಯ ನೀರು ತುಂಬಿಕೊಂಡು ಹೋದರು. ಆ ಬಾಟಲಿಗಳ ಗತಿ ಏನಾಯಿತೋ, ಊರಿಗೆ ಯಾರೂ ತಿಳಿಸಲಿಲ್ಲ. ಕಾರ್ಖಾನೆ ಆ ಮಳೆಗಾಲ ಮುಚ್ಚಿತ್ತು. ಮಳೆ ಜೋರಾಗಿ ಬಂದು ಹಳ್ಳ ತೊಳೆದುಕೊಂಡು ಹೋಯಿತು, ಕೆರೆ ಕೋಡಿ ಬಿದ್ದಿತು, ಆ ನೀರು ದಂಡಾವತಿ ನದಿಯ ಕಡೆಗೆ ಹೋಯಿತು. ದೀಪಾವಳಿಯ ನಂತರ ಗೇಟಿಗೆ ಬೇರೆ ಬೋರ್ಡು ಬಂತು. ಒಳಗೆ ಅವೇ ತೊಟ್ಟಿಗಳು. ನಗುಮುಖದ ಹುಡುಗ ಇರಲಿಲ್ಲ, ಇನ್ನೊಬ್ಬ ಇದ್ದ. ಗಫಾರ್ ಸಾಬರು ಎಲುಬಿನ ವ್ಯಾಪಾರ ಬಿಟ್ಟರು. "ನಾ ಬಿಟ್ರೆ ಇನ್ನೊಬ್ಬ ಹಾಕ್ತಾನ್ರೀ, ಗೊತ್ತೈತಿ. ಆದ್ರ ಮೂಟೆ ಎತ್ತಾಕ ಕೈ ಬರವಲ್ದು," ಎಂದರು. ನಾನು ಕ್ಯಾಪ್ಸೂಲ್ ಮಾರುವುದನ್ನು ಬಿಡಲಿಲ್ಲ. ಬಿಟ್ಟರೆ ಜ್ವರದವನಿಗೆ ಏನು ಕೊಡಲಿ? ಈಗ ಯಾರಾದರೂ ಸಸ್ಯಾಹಾರವೇ ಎಂದು ಕೇಳಿದರೆ ಹಾಸ್ಯ ಮಾಡುವುದಿಲ್ಲ, ಅಷ್ಟೆ.

ಆ ಊರಿನಲ್ಲಿ ಮತ್ತೆ ಬೇಟೆ ಆಗಿಲ್ಲ. ಕೆರೆಯಲ್ಲಿ ಜೊಂಡು ಆಳೆತ್ತರ ಬೆಳೆದು ನೀರೇ ಕಾಣುವುದಿಲ್ಲ. ಮನೆಮನೆಯ ಅಟ್ಟದಲ್ಲಿ ಕೂಣಿಗಳು ಹೊಗೆ ಹಿಡಿಯುತ್ತಿವೆ. ಭಾವನ ಕೂಣಿ ಮಾತ್ರ ಅಟ್ಟ ಸೇರಲಿಲ್ಲ. ಅಕ್ಕ ಅದನ್ನು ಅಂಗಳದಲ್ಲಿ ಇಟ್ಟು ಕೋಳಿಮರಿ ಮುಚ್ಚುತ್ತಾಳೆ. ಮೊದಲ ಸಲ ನೋಡಿ, ಇದೇಕೆ ಎಂದು ಕೇಳಿದ್ದಕ್ಕೆ, "ಮತ್ತೆಂತ ಮಾಡ್ಲಿ, ಸುಡ್ಲಾ?" ಎಂದಳು.

ಇಷ್ಟೂ ನೆನಪಾದದ್ದು ಒಂದು ಡಬ್ಬಿಯ ಮುಚ್ಚಳ ತೆಗೆದದ್ದಕ್ಕೆ. ಆ ಬೆಳಿಗ್ಗೆ ಬೆಂಚಿನ ಮೇಲೆ ಕೂತ ಅಕ್ಕನಿಗೆ, ಹಾಳಾಗದ ಬೇರೆ ಸ್ಟ್ರಿಪ್ಪಿನಿಂದ ಡಾಕ್ಟರು ಬರೆದ ಕ್ಯಾಪ್ಸೂಲ್ ಕತ್ತರಿಸಿ ಕೊಟ್ಟೆ. ಇಲ್ಲೇ ಒಂದು ತಗೊಂಡು ಹೋಗು ಎಂದು ಲೋಟದಲ್ಲಿ ನೀರು ಕೊಟ್ಟೆ. ಅವಳು ಕ್ಯಾಪ್ಸೂಲನ್ನು ಎರಡು ಕೈಯಲ್ಲಿ ಹಿಡಿದು ತಿರುವಿ, ಎರಡು ಭಾಗ ಮಾಡಿ, ಒಳಗಿನ ಪುಡಿಯನ್ನು ಅಂಗೈಗೆ ಸುರಿದುಕೊಂಡಳು. ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಕಹಿಗೆ ಅವಳ ಮುಖ ಹಿಂಡಿತು, ಕಣ್ಣಲ್ಲಿ ನೀರು ಬಂತು.

"ಹಾಗೆ ತಗೋಬಾರದು ಅಕ್ಕ. ಪೂರ್ತಿ ನುಂಗಬೇಕು. ಸಿಪ್ಪೆ ಹೊಟ್ಟೆಯಲ್ಲಿ ಕರಗ್ತದೆ, ಏನೂ ಆಗೋದಿಲ್ಲ," ಎಂದೆ.

"ಕರಗ್ತದೆ ಅಂತ ಗೊತ್ತದೆ," ಎಂದಳು.

ಖಾಲಿ ಸಿಪ್ಪೆಯ ಒಂದು ಅರ್ಧ ಅವಳ ಒದ್ದೆ ಬೆರಳುಗಳ ನಡುವೆಯೇ ಇತ್ತು. ಹೆಬ್ಬೆರಳಿನಿಂದ ಅದನ್ನು ತಿಕ್ಕುತ್ತಿದ್ದಳು. ನೋಡುತ್ತಿದ್ದಂತೆ ಕೆಂಪು ಬಣ್ಣ ಬಿಟ್ಟು, ಮೆತ್ತಗಾಗಿ, ಲೋಳೆಯಾಗಿ, ಬೆರಳು ಬೇರೆ ಮಾಡಿದರೆ ನೂಲಿನ ಹಾಗೆ ಎಳೆ ಬಂತು. ಅವಳು ಆ ಎಳೆಯನ್ನೇ ನೋಡುತ್ತ ಹೇಳಿದಳು:

"ಮನೆಗೆ ತಂದ್ಮೇಲೆ ಅವ್ರ ಕೈ ತೊಳ್ದೆ ನಾನು. ಬೆರಳ ಸಂದಿಲಿ ಹಿಂಗೇ ಇತ್ತು ತಮ್ಮ. ಸೋಪು ಹಾಕ್ದೆ, ಬೂದಿ ಹಾಕ್ದೆ, ಹುಣಸೆಹಣ್ಣು ಹಚ್ದೆ. ಹೊತ್ತಾಗ್ತದೆ ಬಿಡು ಅಂದ್ರು ಎಲ್ರೂ. ಹೋಗಲಿಲ್ಲ. ಹಂಗೇ ಸುಟ್ರು."

ಅಕ್ಕ ಎದ್ದು, ಬಾಗಿಲಿಗೆ ಹೋಗಿ, ತಗಡಿನ ಅಂಚಿನಿಂದ ಸುರಿಯುವ ಮಳೆನೀರಿಗೆ ಎರಡೂ ಕೈ ಒಡ್ಡಿ ನಿಂತಳು. ಅವಳ ಬಸ್ಸು ಬಂದು ನಿಂತಿತು, ಕಂಡಕ್ಟರು ಸೊರಬ ಸೊರಬ ಎಂದು ಕೂಗಿದ. ಅವಳು ಇನ್ನೂ ತೊಳೆಯುತ್ತಿದ್ದಳು.